ಹತ್ತು ಗಂಟೆ ಸಿಕ್ಕರೆ ಸಿಂಗಪುರವಾ, ಹಾಂಗ್‌ಕಾಂಗಾ?

ಒಂದು ವಿಮಾನ ಇಳಿದು ಮುಂದಿನದು ಹತ್ತುವ ನಡುವೆ ಎರಡೂ ಕಡೆ ನನಗೆ ಸಿಕ್ಕಿದ್ದು ಹೆಚ್ಚೂಕಡಿಮೆ ಹತ್ತು ಗಂಟೆ. ಮೊದಲು ಸಿಂಗಪುರ, ಎರಡು ವರ್ಷ ಬಿಟ್ಟು ಹಾಂಗ್‌ಕಾಂಗ್. ಊರು ನೋಡೋಕೆ ಅಂತಲೇ ಹೊರಗೆ ಹೋಗುವುದಾದರೆ ನನ್ನ ಓಟು ಹಾಂಗ್‌ಕಾಂಗ್‌ಗೆ.

ಹತ್ತು ಗಂಟೆ ಅಂದರೆ ಕೈಗೆ ಸಿಗುವುದು ಐದೇ ಅಲ್ವಾ. ಇಮಿಗ್ರೇಶನ್ ಕ್ಯೂ, ಹೋಗಿ ಬರುವ ದಾರಿ, ಮುಂದಿನ ವಿಮಾನಕ್ಕೆ ಮೊದಲೇ ವಾಪಸ್ ಬರುವುದು ಎಲ್ಲ ಕಳೆದರೆ ಉಳಿಯುವುದು ಅಷ್ಟೇ. ಹಾಂಗ್‌ಕಾಂಗ್‌ನಲ್ಲಿ ಹೊರಗೆ ಬಂದರೆ ಎದುರಿಗೇ ಏರ್‌ಪೋರ್ಟ್ ಎಕ್ಸ್‌ಪ್ರೆಸ್, ಈ ರೈಲು 24 ನಿಮಿಷಕ್ಕೆ ಊರಿನ ನಡುಮಧ್ಯ ಇಳಿಸುತ್ತದೆ. ಟಿಕೆಟ್ ದುಬಾರಿ, ಹೌದು. ಎ21 ಬಸ್ಸು ಅಗ್ಗ, ಆದರೆ ಟೈಮ್ ತಿನ್ನುತ್ತದೆ. ಇರುವುದೇ ಐದು ಗಂಟೆ ಆದಾಗ ರೈಲಿಗೆ ದುಡ್ಡು ಕೊಡಿ, ಇಲ್ಲಿ ಉಳಿಸಬೇಡಿ.

ಅಲ್ಲಿಂದ ನಡೆದುಕೊಂಡೇ ಬಂದರಿನ ದೋಣಿ ಸ್ಟಾರ್ ಫೆರಿಗೆ ಹೋಗಿ. ಬಂದರು ದಾಟಲು ಹತ್ತು ನಿಮಿಷ, ಚಾರ್ಜು ತುಂಬಾ ಕಡಿಮೆ. ಮರದ ಸೀಟಿನ ಬೆನ್ನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಬಹುದು, ದೋಣಿ ಯಾವ ಕಡೆ ಹೊರಟಿದೆಯೋ ಆ ಕಡೆ ಮುಖ ಮಾಡಿ ಕೂರಬಹುದು. ದಡಕ್ಕೆ ಬರುತ್ತಿದ್ದ ಹಾಗೆ ನೀಲಿ ಬಟ್ಟೆಯ ಒಬ್ಬರು ದಪ್ಪ ಹಗ್ಗ ಎಸೆದರು, ದಡದಲ್ಲಿದ್ದವರು ಉದ್ದ ಕೊಕ್ಕೆಯಲ್ಲಿ ಅದನ್ನು ಎಳೆದು ಕಂಬಕ್ಕೆ ಸುತ್ತಿದರು, ಹಿಂದೆ ಅಷ್ಟು ಎತ್ತರದ ಗಾಜಿನ ಕಟ್ಟಡಗಳು ನಿಂತಿವೆ, ಇಲ್ಲಿ ಇನ್ನೂ ಕೈಯಲ್ಲಿ ಹಗ್ಗ ಕಟ್ಟುತ್ತಾರೆ! ಆ ದಿನ ನಾನು ಸುಮ್ನೆ ನಾಲ್ಕು ಸಲ ಆ ಕಡೆ ಈ ಕಡೆ ಹೋಗಿ ಬಂದೆ. ಸಂಜೆ ಇದ್ದರೆ 8 ಗಂಟೆಯ ಲೈಟ್ ಶೋ ಕೂಡ ಬಂದರಿನ ದಡದಿಂದಲೇ ಕಾಣುತ್ತದೆ.

ಬೆಟ್ಟದ ಮೇಲಕ್ಕೆ ಹೋಗುವ ಪೀಕ್ ಟ್ರಾಮ್‌ಗೆ ಉದ್ದ ಕ್ಯೂ ಕಂಡರೆ ಬಿಟ್ಟುಬಿಡಿ. ಮೋಡ ಇದ್ದರಂತೂ ಮೇಲೆ ಹೋದರೂ ಏನೂ ಕಾಣುವುದಿಲ್ಲ. ಊರಿಗೆ ಹೋಗುವುದೇ ಬೇಡ ಅನ್ನುವವರಿಗೆ ದೊಡ್ಡ ಬುದ್ಧ ಇದ್ದಾನೆ, ವಿಮಾನ ನಿಲ್ದಾಣದ ಪಕ್ಕದ ತುಂಗ್ ಚುಂಗ್‌ನಿಂದ ಕೇಬಲ್ ಕಾರ್. ಕೊನೆಗೆ 268 ಮೆಟ್ಟಿಲು ಹತ್ತಬೇಕು, ಮಂಡಿನೋವಿನವರು ಯೋಚಿಸಿ.

ಸಿಂಗಪುರದಲ್ಲೂ ಮೆಟ್ರೋ ಇದೆ, ಆದರೆ ತಾನಾ ಮೆರಾದಲ್ಲಿ ಇಳಿದು ಬದಲಾಯಿಸಬೇಕು, ಊರು ಸೇರುವಾಗ ಅರ್ಧ ಗಂಟೆ ದಾಟಿರುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಸಿಂಹದ ತಲೆ, ಮೀನಿನ ಮೈ ಇರುವ ಮರ್ಲಯನ್ ಪ್ರತಿಮೆಯ ಹತ್ತಿರ ನಿಲ್ಲುವುದು ಕಷ್ಟ. ಆಮೇಲೆ ಮಳೆ ಬಂತು, ನನ್ನ ಒಂದು ಗಂಟೆ ಅಲ್ಲೇ ಹೋಯಿತು. ಗಾರ್ಡನ್ಸ್ ಬೈ ದ ಬೇಯಲ್ಲಿ ದೀಪ ಹಾಕಿದ, ಮರದ ಆಕಾರದ ಎತ್ತರದ ಗೋಪುರಗಳಾದ ಸೂಪರ್‌ಟ್ರೀಗಳು ನಿಜಕ್ಕೂ ಚೆಂದ, ದುಡ್ಡೂ ಕೊಡಬೇಕಿಲ್ಲ, ಶೋ 7:45ಕ್ಕೆ ಮತ್ತು 8:45ಕ್ಕೆ. ಊಟಕ್ಕೂ ಸಿಂಗಪುರವೇ ಮೇಲು. ಸಸ್ಯಾಹಾರಿಗಳು ಲಿಟಲ್ ಇಂಡಿಯಾದಲ್ಲಿ ಇಳಿದರೆ ಸಾಕು, ಹಾಂಗ್‌ಕಾಂಗ್‌ನಲ್ಲಿ ಹುಡುಕಬೇಕಾಗುತ್ತದೆ.

ವೀಸಾ ವಿಷಯ ಮೊದಲೇ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದವರು ಹಾಂಗ್‌ಕಾಂಗ್‌ಗೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿ ಆ ಕಾಗದ ಪ್ರಿಂಟ್ ತೆಗೆದುಕೊಂಡು ಹೋಗಬೇಕು, ಅದಕ್ಕೆ ದುಡ್ಡಿಲ್ಲ. ಸಿಂಗಪುರಕ್ಕೆ ಸಾಮಾನ್ಯವಾಗಿ ವೀಸಾ ಬೇಕು. ಎಲ್ಲರೂ ಫೋಟೋ ಹಾಕುವ ಆ 40 ಮೀಟರ್ ಜಲಪಾತ ಇರುವ, ಅಲ್ಲಿನ ವಿಮಾನ ನಿಲ್ದಾಣದ ಜ್ಯೂಯೆಲ್ ಮಾಲ್ ಕೂಡ ಇಮಿಗ್ರೇಶನ್‌ನಿಂದ ಆಚೆಗಿದೆ, ವೀಸಾ ಇಲ್ಲದಿದ್ದರೆ ಅದೂ ಸಿಗುವುದಿಲ್ಲ.

ಆದರೆ ವಯಸ್ಸಾದವರು ಜೊತೆಗಿದ್ದು ಹೊರಗೆ ಹೋಗುವ ಯೋಚನೆಯೇ ಇಲ್ಲದಿದ್ದರೆ ಸಿಂಗಪುರದ ವಿಮಾನ ನಿಲ್ದಾಣ ಚಾಂಗಿಯನ್ನು ಮೀರಿಸುವ ಜಾಗ ನಾನು ಕಂಡಿಲ್ಲ. ಹೋದ ವರ್ಷ ಅಮ್ಮನ ಜೊತೆ ಅಲ್ಲೇ ಇಳಿದು, ವೀಸಾ ಇಲ್ಲದೆ ಒಳಗೇ ಉಳಿದೆವು. ಮೂರನೇ ಟರ್ಮಿನಲ್‌ನ ಚಿಟ್ಟೆ ತೋಟದಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಒಂದು ಚಿಟ್ಟೆ ಬಂದು ಅಮ್ಮನ ಶಾಲಿನ ಮೇಲೆ ಕೂತಿತು. ಅದು ಹಾರುವ ತನಕ ಅಮ್ಮ ಕೈ ಕೂಡ ಅಲ್ಲಾಡಿಸಲಿಲ್ಲ.