‘9ಡಿ’ ಕುರ್ಚಿಗಿಂತ ಫ್ರೀ ರೋಮ್ ಆಟವೇ ಮೇಲು: ಬೆಂಗಳೂರಿನ ಒಂದು ವಿಆರ್ ಕೇಂದ್ರದ ವಿಮರ್ಶೆ

ವಿಆರ್ ಎಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕಂಪ್ಯೂಟರ್ ಸೃಷ್ಟಿಸಿದ ಜಗತ್ತಿನೊಳಗೆ ಆಡುವುದು. ಬೆಂಗಳೂರಿನ ಮಾಲ್ ಒಂದರಲ್ಲಿರುವ ಈ ವಿಆರ್ ಕೇಂದ್ರದಲ್ಲಿ ‘9ಡಿ’ ಎಂದು ಬರೆದಿರುವ ಅಲುಗಾಡುವ ಕುರ್ಚಿ, ಸಣ್ಣ ಚೌಕದೊಳಗೆ ಒಬ್ಬರೇ ಆಡುವ ರೂಮ್ ಸ್ಕೇಲ್, ಗುಂಪಾಗಿ ದೊಡ್ಡ ಹಾಲ್‌ನಲ್ಲಿ ಓಡಾಡುತ್ತ ಆಡುವ ಫ್ರೀ ರೋಮ್ ಎಂಬ ಮೂರು ಬಗೆಯ ಟಿಕೆಟ್‌ಗಳಿವೆ. ಅಕ್ಕ ಮತ್ತು ಅವಳ ಮಕ್ಕಳೊಂದಿಗೆ ಮೂರನ್ನೂ ಆಡಿದ ಮೇಲೆ ಹೇಳುವುದಾದರೆ, ಕೊಟ್ಟ ಹಣಕ್ಕೆ ತಕ್ಕ ಸಂತೋಷ ಸಿಗುವುದು ಫ್ರೀ ರೋಮ್‌ನಲ್ಲಿ ಮಾತ್ರ.

‘9ಡಿ’ ಎಂಬುದು ತಾಂತ್ರಿಕ ಅಳತೆಯೇ ಅಲ್ಲ. ಗಾಳಿ, ನೀರಿನ ಹನಿ, ಕುರ್ಚಿಯ ಅಲುಗಾಟಗಳನ್ನೆಲ್ಲ ಲೆಕ್ಕಕ್ಕೆ ಸೇರಿಸಿ ಇಟ್ಟ ಜಾಹೀರಾತಿನ ಹೆಸರು. ಕೌಂಟರಿನಲ್ಲಿ ಕೇಳಬೇಕಾದದ್ದು ಹೆಡ್‌ಸೆಟ್ 3 ಡಿಒಎಫ್‌ನದೋ 6 ಡಿಒಎಫ್‌ನದೋ ಎಂಬುದನ್ನು. ಡಿಒಎಫ್ ಎಂದರೆ ಹೆಡ್‌ಸೆಟ್ ಎಷ್ಟು ಬಗೆಯ ಚಲನೆಗಳನ್ನು ಗುರುತಿಸುತ್ತದೆ ಎಂಬ ಲೆಕ್ಕ. ಮೊದಲನೆಯದರಲ್ಲಿ ತಲೆಯನ್ನು ತಿರುಗಿಸಿದರೆ, ಎತ್ತಿ ತಗ್ಗಿಸಿದರೆ, ಭುಜದ ಕಡೆಗೆ ವಾಲಿಸಿದರೆ ಮಾತ್ರ ದೃಶ್ಯ ಸ್ಪಂದಿಸುತ್ತದೆ. ಮುಂದಕ್ಕೆ ಬಾಗಿದರೆ ಅಥವಾ ಪಕ್ಕಕ್ಕೆ ಸರಿದರೆ ಇಡೀ ಜಗತ್ತೇ ನಮ್ಮೊಡನೆ ಸರಿದಂತಾಗುತ್ತದೆ. ಎರಡನೆಯದು ನಾವು ಜಾಗ ಬದಲಿಸುವುದನ್ನೂ ಗುರುತಿಸುತ್ತದೆ. ಇಲ್ಲಿಯ ಕುರ್ಚಿಯ ಹೆಡ್‌ಸೆಟ್ 3 ಡಿಒಎಫ್‌ನದು. ಕಣ್ಣು ಇಳಿಜಾರಿನಲ್ಲಿ ಧಾವಿಸುತ್ತಿದೆ ಎನ್ನುವಾಗ ಕಿವಿಯೊಳಗಿನ ಸಮತೋಲನದ ಅಂಗ ಕೂತಲ್ಲೇ ಇದ್ದೇವೆ ಎನ್ನುತ್ತದೆ. ಈ ವಿರೋಧದಿಂದಲೇ ತಲೆಸುತ್ತು, ವಾಕರಿಕೆ ಬರುತ್ತವೆ. ಅಕ್ಕ ಅರ್ಧಕ್ಕೇ ಎದ್ದುಬಿಟ್ಟಳು.

ಫ್ರೀ ರೋಮ್‌ನಲ್ಲಿ ಕಾಲು ನಡೆದಷ್ಟೇ ದೃಶ್ಯವೂ ನಡೆಯುವುದರಿಂದ ಆ ತೊಂದರೆ ಬಹುಮಟ್ಟಿಗೆ ಇಲ್ಲ. 2015ರಲ್ಲಿ ಮೆಲ್ಬರ್ನ್‌ನಲ್ಲಿ ಜೀರೋ ಲೇಟೆನ್ಸಿ ಸಂಸ್ಥೆ ಇಂಥ ಕೇಂದ್ರವನ್ನು ತೆರೆದಾಗ ಆಟಗಾರರು ಬೆನ್ನಿಗೆ ಕಂಪ್ಯೂಟರ್ ಹೊತ್ತುಕೊಂಡೇ ಆಡಬೇಕಿತ್ತು. ಈಗ ಹೆಡ್‌ಸೆಟ್‌ನಲ್ಲಿರುವ ಕ್ಯಾಮೆರಾಗಳೇ ಗೋಡೆ, ನೆಲಗಳನ್ನು ನೋಡಿ ನಾವಿರುವ ಜಾಗವನ್ನು ಗುರುತಿಸುತ್ತವೆ. ಇದಕ್ಕೆ ಇನ್‌ಸೈಡ್ ಔಟ್ ಟ್ರ್ಯಾಕಿಂಗ್ ಎನ್ನುತ್ತಾರೆ. ತಲೆ ಅಲುಗಿದ್ದಕ್ಕೂ ದೃಶ್ಯ ಬದಲಾಗುವುದಕ್ಕೂ ನಡುವಿನ ವಿಳಂಬವೇ ಲೇಟೆನ್ಸಿ. ಅದು ಸುಮಾರು 20 ಮಿಲಿಸೆಕೆಂಡಿನೊಳಗೆ ಇದ್ದರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಇಲ್ಲಿ ಆಟದುದ್ದಕ್ಕೂ ಎಲ್ಲಿಯೂ ದೃಶ್ಯ ತಡವರಿಸಲಿಲ್ಲ, ಮತ್ತು ಅಕ್ಕನ ಮಗಳು ಎದುರಿಗೆ ನಿಂತಾಗ ಅವಳ ಪಾತ್ರ ನನ್ನ ಕಣ್ಣಿಗೂ ಸರಿಯಾಗಿ ಅದೇ ಜಾಗದಲ್ಲಿ ನಿಂತಿತ್ತು. ಆಟದ ಏಟನ್ನು ಕಂಪನದಿಂದ ಮೈಗೆ ಮುಟ್ಟಿಸುವ ಹ್ಯಾಪ್ಟಿಕ್ ಜಾಕೆಟ್ ಮಾತ್ರ ಎಲ್ಲಿ ಏಟು ಬಿದ್ದರೂ ಒಂದೇ ರೀತಿ ನಡುಗುತ್ತದೆ. ಅದಕ್ಕಾಗಿ ಹೆಚ್ಚುವರಿ ಹಣ ಕೊಡುವುದು ವ್ಯರ್ಥ.

ನಿಜವಾದ ಕೊರತೆ ಸಿಬ್ಬಂದಿಯ ಅವಸರದಲ್ಲಿದೆ. ಎರಡು ಕಣ್ಣುಪಾಪೆಗಳ ನಡುವಿನ ಅಂತರವಾದ ಐಪಿಡಿ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್ ಆದರೂ ಒಬ್ಬೊಬ್ಬರಲ್ಲಿ ಬೇರೆಬೇರೆಯಾಗಿರುತ್ತದೆ. ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಇದಕ್ಕೆ ತಕ್ಕಂತೆ ಮಸೂರಗಳನ್ನು ಹೊಂದಿಸಲು 58, 63, 68 ಮಿಲಿಮೀಟರ್‌ಗಳ ಮೂರು ಸ್ಥಾನಗಳಿವೆ. 2023ರ ಕ್ವೆಸ್ಟ್ 3ರಲ್ಲಿ ತಿರುಗಿಸುವ ಚಕ್ರವೇ ಇದೆ. ಹೊಂದಿಸಲು ಅರ್ಧ ನಿಮಿಷ ಸಾಕು, ಆದರೆ ಇಲ್ಲಿ ನಾವಾಗಿ ಕೇಳುವವರೆಗೆ ಯಾರೂ ಹೊಂದಿಸಿಕೊಡಲಿಲ್ಲ. ಮಂಜಾಗಿ ಕಂಡರೆ ಸಹಿಸಿಕೊಂಡು ಆಡಬೇಡಿ, ಕೈಯೆತ್ತಿ ನಿಲ್ಲಿಸಿ. ಮುಖಕ್ಕೆ ತಾಗುವ ಪ್ಯಾಡನ್ನು ಮಾತ್ರ ಪ್ರತಿ ಬಾರಿಯೂ ಒರೆಸಿಯೇ ಕೊಟ್ಟರು.

ನಿಜ ಜಗತ್ತಿನ ಮೇಲೆಯೇ ಕೃತಕ ಚಿತ್ರಗಳನ್ನು ಮೂಡಿಸುವುದಕ್ಕೆ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಎನ್ನುತ್ತಾರೆ. ಇಲ್ಲಿ ಎಆರ್ ವಿಭಾಗ ಎಂದಿರುವುದು ಚೆಂಡೆಸೆದು ಆಡುವ, ಪ್ರೊಜೆಕ್ಟರ್ ಬೆಳಕಿನ ಗೋಡೆ. ಹೆಡ್‌ಸೆಟ್ ಬೇಕಿಲ್ಲವಾದ್ದರಿಂದ ಚಿಕ್ಕ ಮಕ್ಕಳಿಗೆ ಅದೇ ಒಳ್ಳೆಯದು. ಕ್ವೆಸ್ಟ್ ತಯಾರಿಸುವ ಮೆಟಾ ಕಂಪನಿ ತಾನೇ 10 ವರ್ಷಕ್ಕಿಂತ ಕೆಳಗಿನವರಿಗೆ ಹೆಡ್‌ಸೆಟ್ ಬೇಡವೆನ್ನುತ್ತದೆ.

ಇನ್ನೊಂದು ವಿಷಯವನ್ನು ಕೇಂದ್ರದವರು ಕೂಡಲೇ ಸರಿಪಡಿಸಬೇಕು. ಗೋಡೆ ಹತ್ತಿರವಾದಾಗ ಕಣ್ಣೆದುರು ಜಾಲರಿಯಂತಹ ಗಡಿ ಮೂಡುತ್ತದೆ, ಅಲ್ಲಿಯೇ ನಿಲ್ಲಬೇಕು ಎಂಬ ಮುಖ್ಯ ಸೂಚನೆಯನ್ನು ಅವರು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಹೇಳಿದರು. ಅಕ್ಕನಿಗೆ ಅರ್ಥವಾಗಲಿಲ್ಲವೆಂದು ತಿಳಿಸಿದಾಗ ಅಲ್ಲಿದ್ದ ಹುಡುಗನೊಬ್ಬ, “ಬನ್ನಿ ಅಕ್ಕಾ, ತೋರಿಸ್ತೀನಿ” ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲೇ ವಿವರಿಸಿದ. ಆ ವಿವರಣೆ ಪ್ರತಿ ತಂಡಕ್ಕೂ ಕೇಳದೆಯೇ ಸಿಗುವಂತಾಗಬೇಕು.