ಬಿಎಂಡಬ್ಲ್ಯು ಎಂ2: ಮೊದಲ 2,000 ಕಿ.ಮೀ. ಮತ್ತು ತಪ್ಪಿಸಬಾರದ ಆ ಒಂದು ಸರ್ವಿಸ್

ಮಾಮೂಲಿ ಬಿಎಂಡಬ್ಲ್ಯು ಕೊಂಡವರಿಗೆ ಇಲ್ಲದ ಒಂದು ಸರ್ವಿಸ್, ಅದೇ ಕಂಪನಿಯ ಎಂ ಸರಣಿಯ ಸ್ಪೋರ್ಟ್ಸ್ ಕಾರು ಎಂ2 ಕೊಂಡವರಿಗೆ ಇದೆ. ಗಾಡಿ 2,000 ಕಿ.ಮೀ. ಓಡಿದ ಮೇಲೆ ಎಂಜಿನ್ ಆಯಿಲ್, ಅದರ ಫಿಲ್ಟರ್, ಹಿಂಬದಿಯ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರು ಪೆಟ್ಟಿಗೆ) ಆಯಿಲ್ ಮೂರನ್ನೂ ಬದಲಿಸಬೇಕು. ಕಂಪನಿ ಇಟ್ಟಿರುವ ಹೆಸರು ರನ್ನಿಂಗ್-ಇನ್ ಚೆಕ್, ಅಂದರೆ ಹೊಸ ಭಾಗಗಳು ಒಂದಕ್ಕೊಂದು ಹೊಂದಿ ಕೂತ ಮೇಲಿನ ತಪಾಸಣೆ. ಶೋರೂಮ್ ವಾಸನೆ ಹೋಗುವ ಮೊದಲೇ ಆಯಿಲ್ ಯಾಕೆ ಬದಲಿಸಬೇಕು ಅಂತ ಮುಂದೂಡುವವರು ಸಾಕಷ್ಟು ಜನ. ಈ ಗಾಡಿಗೆ ಮುಂದೆ ಎಷ್ಟೇ ಸರ್ವಿಸ್ ಮಾಡಿಸಿದರೂ ಇದರಷ್ಟು ಬೆಲೆ ಬಾಳುವುದು ಇನ್ನೊಂದಿಲ್ಲ. ಅದರಲ್ಲೂ ಡಿಫರೆನ್ಷಿಯಲ್ ಆಯಿಲ್.

ಕಾರಣ ಇಷ್ಟೇ. ಎಂಜಿನ್‌ನಲ್ಲಿ ಫಿಲ್ಟರ್ ಇದೆ, ಸವೆದ ಕಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಡಿಫರೆನ್ಷಿಯಲ್‌ನಲ್ಲಿ ಫಿಲ್ಟರ್ ಇಲ್ಲ. ಒಳಗಿರುವುದು ಹೈಪಾಯ್ಡ್ ಗೇರು. ಅದರ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತಾ ಉಜ್ಜಿಕೊಳ್ಳುತ್ತವೆ. ಹೊಸದರಲ್ಲಿ ಹಾಗೆ ಉಜ್ಜಿಕೊಂಡೇ ಜೋಡಿ ಕೂರಬೇಕು. ಆಗ ಉದುರಿದ ಉಕ್ಕಿನ ಪುಡಿ ಅದೇ ಆಯಿಲ್‌ನಲ್ಲಿ ಸುತ್ತುತ್ತಿರುತ್ತದೆ, ಬೇರಿಂಗ್‌ಗೂ ಹೋಗುತ್ತದೆ, ಎರಡೂ ಹಿಂಚಕ್ರ ಜೊತೆಯಾಗಿ ತಿರುಗುವಂತೆ ಲಾಕ್ ಮಾಡುವ ಕ್ಲಚ್ ಪ್ಲೇಟ್‌ಗಳ ನಡುವೆಯೂ ಹೋಗುತ್ತದೆ. ಹಳೇ ಆಯಿಲ್‌ನ ಒಂದು ತೊಟ್ಟನ್ನು ಬಿಳಿ ಕಾಗದದ ಮೇಲೆ ಹಾಕಿ ಬಿಸಿಲಿಗೆ ಓರೆ ಹಿಡಿದು ನೋಡಿ. ಮೆಟಾಲಿಕ್ ಪೇಂಟ್‌ನಂಥ ಬೂದು ಮಿನುಗು ಕಂಡರೆ ಸಹಜ. ಬೆರಳಿಗೆ ತಾಗುವ ಚೂರು, ಸೂಜಿಯಂಥ ಎಳೆ ಕಂಡರೆ ಸಹಜವಲ್ಲ. ಅಲ್ಲೇ ಫೋಟೊ ತೆಗೆದು ಜಾಬ್ ಕಾರ್ಡ್‌ನಲ್ಲಿ ಬರೆಸಿ.

ಎಂ2ನ ಎಂಜಿನ್ ಎಸ್58: ಆರು ಸಿಲಿಂಡರ್, 2,993 ಸಿಸಿ, ಎರಡು ಟರ್ಬೊ. 2,000 ಕಿ.ಮೀ. ಆಗುವ ತನಕ 5,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಬೇಡಿ, 170 ಕಿ.ಮೀ. ವೇಗ ಮೀರಬೇಡಿ, ಆಕ್ಸಿಲರೇಟರ್ ಪೆಡಲ್ ಪೂರ್ತಿ ತುಳಿಯಬೇಡಿ, ನಿಂತಲ್ಲಿಂದ ಒಮ್ಮೆಲೇ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಮುಟ್ಟಬೇಡಿ ಎಂದು ಕೈಪಿಡಿ ಹೇಳುತ್ತದೆ. ಜರ್ಮನಿಯ ಆಟೊಬಾನ್‌ಗೆ ಇದು ಸರಿಯಾದ ಸಲಹೆ. ನಮ್ಮಲ್ಲಿ ತೊಂದರೆ ತಿರುವುಮುರುವು. ಬೆಂಗಳೂರಿನಲ್ಲಿ ಹೊಸ ಎಂ2 ಹಾಳಾಗುವುದಾದರೆ ಜೋರಾಗಿ ಓಡಿಸಿದ್ದರಿಂದಲ್ಲ, ಸಿಲ್ಕ್ ಬೋರ್ಡ್‌ನಲ್ಲಿ ನಿಂತು ನಿಂತೇ 2,000 ಕಿ.ಮೀ. ಮುಗಿಸಿದ್ದರಿಂದ.

ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಬಿಗಿಯಾಗಿ ಕೂರುವುದು ಬರೀ ತನ್ನ ಸ್ಪ್ರಿಂಗ್ ಬಲದಿಂದಲ್ಲ. ಉರಿದ ಗ್ಯಾಸಿನ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಲೋಡ್, ಅಂದರೆ ಎಂಜಿನ್‌ಗೆ ಎಳೆಯುವ ಕೆಲಸ, ಇಲ್ಲದಿದ್ದರೆ ಆ ಒತ್ತಡವೂ ಇಲ್ಲ. ತೀರಾ ಮೆತ್ತಗೆ ಓಡಿಸಿದರೆ ಗೋಡೆ ಸರಿಯಾಗಿ ಉಜ್ಜಿಕೊಳ್ಳದೆ ನುಣ್ಣಗಾಗುತ್ತದೆ, ಆಮೇಲೆ ಎಂಜಿನ್ ಆಯಿಲ್ ಕುಡಿಯುತ್ತದೆ. ಹಾಗೆಂದು ಮೊದಲ ದಿನವೇ ಪೂರ್ತಿ ತುಳಿದರೆ, ಇನ್ನೂ ಉಬ್ಬುತಗ್ಗು ಹೋಗದ ಜಾಗಗಳಲ್ಲಿ ಶಾಖ ಏರಿ ಗೀರು ಬೀಳುತ್ತದೆ. ಬೇಕಾದದ್ದು ಮಧ್ಯಮ ಲೋಡ್, ಏರಿಳಿಯುವ ಆರ್‌ಪಿಎಂ. ಎಷ್ಟು ದಾಟಬಾರದು ಎನ್ನುವ ಕೈಪಿಡಿ, ಎಷ್ಟಾದರೂ ಕೆಲಸ ಕೊಡಬೇಕು ಎಂಬುದನ್ನು ಇಷ್ಟು ಬಿಡಿಸಿ ಹೇಳಬೇಕಿತ್ತು.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ 100. ಆಟೊಮ್ಯಾಟಿಕ್ ಗಾಡಿಯನ್ನು ಡಿ ಮೋಡ್‌ನಲ್ಲಿ ಬಿಟ್ಟರೆ 8ನೇ ಗೇರಿಗೆ ಹೋಗಿ 2,000 ಆರ್‌ಪಿಎಂಗಿಂತ ಕೆಳಗೆ ತೂಕಡಿಸುತ್ತದೆ. ಸ್ಟೀರಿಂಗ್ ಹಿಂದಿರುವ ಗೇರು ಪ್ಯಾಡಲ್‌ನಿಂದ 5ಕ್ಕೆ ಇಳಿಸಿದರೆ ಅದೇ ವೇಗಕ್ಕೆ 3,000 ದಾಟುತ್ತದೆ, 4ಕ್ಕೆ ಇಳಿಸಿದರೆ 4,000 ದಾಟುತ್ತದೆ. 60ಕ್ಕೆ ಇಳಿದು, 4ನೇ ಗೇರಿನಲ್ಲಿ ಅರ್ಧ ಪೆಡಲ್ ಒತ್ತಿ 100ರ ತನಕ ಏರಿಸಿ, ಕಾಲು ತೆಗೆದು ಎಂಜಿನ್ ಬ್ರೇಕಿನಲ್ಲೇ ಮತ್ತೆ 60ಕ್ಕೆ ಬನ್ನಿ. ಹಿಂದೆ ಯಾರೂ ಇಲ್ಲದಾಗ ಹೀಗೆ ಹತ್ತು ಹನ್ನೆರಡು ಸಲ. ಕಾಲು ತೆಗೆದಾಗ ಡಿಫರೆನ್ಷಿಯಲ್ ಹಲ್ಲುಗಳ ಇನ್ನೊಂದು ಮೈಗೂ ಲೋಡ್ ಬೀಳುತ್ತದೆ. ಕ್ರೂಸ್ ಕಂಟ್ರೋಲ್ ಅನ್ನು ಈ ಅವಧಿಯಲ್ಲಿ ಮರೆತುಬಿಡಿ. ಸಕಲೇಶಪುರದ ಕಡೆಯ ಏರಿಳಿತದ ರಸ್ತೆಯಲ್ಲಿ ಒಂದು ದಿನ ಓಡಿಸಿದರೆ ನಗರದಲ್ಲಿ ಒಂದು ತಿಂಗಳು ಓಡಿಸಿದ್ದಕ್ಕಿಂತ ಮೇಲು.

ಇದೆಲ್ಲ ಆಯಿಲ್ ಬಿಸಿಯಾದ ಮೇಲೆ. ಎಂಜಿನ್ ತಣಿಸುವ ದ್ರವ (ಕೂಲಂಟ್) ಬೇಗ ಕಾಯುತ್ತದೆ, ಆಯಿಲ್ ನಿಧಾನ. ಆಯಿಲ್ 80 ಡಿಗ್ರಿ ಮುಟ್ಟುವ ತನಕ 3,000 ಆರ್‌ಪಿಎಂ ಒಳಗೇ ಇರಿ. ನಿಲ್ಲಿಸುವ ಮುನ್ನ ಕೊನೆಯ ಒಂದೆರಡು ಕಿ.ಮೀ. ಸಮಾಧಾನವಾಗಿ ಓಡಿಸಿದರೆ ಟರ್ಬೊ ಬೇರಿಂಗ್‌ಗಳು ತಣಿಯುತ್ತವೆ. ಪೆಟ್ರೋಲ್ 98 ಆಕ್ಟೇನ್ ಇರಲಿ ಅನ್ನುತ್ತದೆ ಕಂಪನಿ; ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಸಿಗುವ ಬಂಕ್ ಒಂದನ್ನು ಗೊತ್ತುಮಾಡಿಕೊಳ್ಳಿ.

ಹೊಸ ಟೈರು ಸುಮಾರು 300 ಕಿ.ಮೀ. ತನಕ ಪೂರ್ತಿ ಹಿಡಿತ ಕೊಡುವುದಿಲ್ಲ. ಹಿಂಚಕ್ರಕ್ಕೆ 285 ಮಿ.ಮೀ. ಅಗಲದ ಟೈರು ಇದೆ ಎಂಬ ಧೈರ್ಯ ಮೊದಲ ಮಳೆಯಲ್ಲಿ ಬೇಡ. ಬ್ರೇಕ್ ಮತ್ತು ಮ್ಯಾನುಯಲ್ ಗಾಡಿಯ ಕ್ಲಚ್ ಕೂರಲು ಸುಮಾರು 500 ಕಿ.ಮೀ. ಬೇಕು. ಬ್ರೇಕನ್ನು ಹದವಾಗಿ ಒತ್ತಿ 80ರಿಂದ 30ಕ್ಕೆ ಇಳಿಸಿ, ತಣಿಯಲು ಬಿಟ್ಟು, ಮತ್ತೆ ಒತ್ತಿ. ಬ್ರೇಕ್ ಡಿಸ್ಕ್ ಬಿಸಿಯಿರುವಾಗ ಬ್ರೇಕ್ ಪೆಡಲ್ ಒತ್ತಿಕೊಂಡೇ ಸಿಗ್ನಲ್‌ನಲ್ಲಿ ನಿಂತರೆ ಪ್ಯಾಡಿನ ಅಚ್ಚು ಅಲ್ಲೇ ಕೂತು, ಮುಂದೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಬದಲಿಸುವುದು ಎಷ್ಟೋ ಸಲ ಇದಕ್ಕೇ.

ಇನ್ನು ಸರ್ವಿಸ್ ದಿನ. 1,700 ಕಿ.ಮೀ. ಆದಾಗಲೇ ಫೋನ್ ಮಾಡಿ, ಡಿಫರೆನ್ಷಿಯಲ್ ಆಯಿಲ್ ಸ್ಟಾಕ್ ಇದೆಯಾ ಎಂದು ಕೇಳಿ. ಎಂ ಗಾಡಿಗಳು ಕಡಿಮೆ ಬರುವ ವರ್ಕ್‌ಶಾಪ್‌ಗಳಲ್ಲಿ ಎಡವುವುದು ಇಲ್ಲೇ: ಎಂಜಿನ್ ಆಯಿಲ್ ಮಾತ್ರ ಬದಲಿಸಿ, ಡಿಫರೆನ್ಷಿಯಲ್‌ನದನ್ನು 'ಮುಂದಿನ ಸರ್ವಿಸ್‌ಗೆ ನೋಡೋಣ ಸಾರ್' ಅಂತ ಕಳಿಸಿಬಿಡುತ್ತಾರೆ. ಒಪ್ಪಬೇಡಿ. ಖರ್ಚು ಯಾರದು ಎಂಬುದು ಡೆಲಿವರಿಗೆ ಮೊದಲೇ ಬರಹದಲ್ಲಿರಲಿ. ಬಿಲ್ಲಿನಲ್ಲಿ ಎರಡು ಆಯಿಲ್ ಬೇರೆಬೇರೆ ಸಾಲಿನಲ್ಲಿ, ಪಾರ್ಟ್ ನಂಬರ್ ಸಮೇತ ಇರಬೇಕು; ಫಿಲ್ಟರ್, ಅದರ ಓ-ರಿಂಗ್, ಡ್ರೈನ್ ಪ್ಲಗ್ ವಾಷರ್ ಹೊಸವೇ ಇರಬೇಕು. ಹಳೇ ಫಿಲ್ಟರನ್ನು ಕೇಳಿ ಪಡೆದು, ಮಡಿಕೆ ಬಿಡಿಸಿ ನೋಡಿದರೆ ಎಂಜಿನ್ ಬಗ್ಗೆ ತಿಳಿಯುವುದು ಬಹಳ. ಇದನ್ನು ತಾವಾಗಿ ಮಾಡಿ ತೋರಿಸುವ ಪದ್ಧತಿ ಈ ಸರ್ವಿಸ್‌ನಲ್ಲಿ ಇಲ್ಲದಿರುವುದು ನಿಜವಾದ ಕೊರತೆ.

ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಈ ಗಾಡಿಯಲ್ಲಿ ಇಲ್ಲ. ಸಮತಟ್ಟಾದ ನೆಲದಲ್ಲಿ, ಎಂಜಿನ್ ಬಿಸಿಯಿದ್ದು ಐಡಲ್‌ನಲ್ಲಿರುವಾಗ ಸ್ಕ್ರೀನಿನ ಮೆನುವಿನಿಂದ ಆಯಿಲ್ ಮಟ್ಟ ಅಳೆಯಬೇಕು. ವರ್ಕ್‌ಶಾಪ್ ಬಿಡುವ ಮುನ್ನ ಅಳೆಸಿ. ಹೆಚ್ಚು ತುಂಬಿದ್ದರೂ ಕಡಿಮೆ ಇದ್ದಷ್ಟೇ ಕೆಟ್ಟದ್ದು.

2,000ದಿಂದ 5,000 ಕಿ.ಮೀ. ತನಕ ಮಿತಿಯನ್ನು ಹಂತಹಂತವಾಗಿ ಏರಿಸುತ್ತಾ ಹೋಗಿ. ಟ್ರ್ಯಾಕ್ ದಿನವಿದ್ದರೆ ಅದರ ನಂತರ. ಸೆಕೆಂಡ್ ಹ್ಯಾಂಡ್ ಎಂ2 ನೋಡಲು ಹೋದರೆ ಸ್ಕ್ರೀನಿನಲ್ಲಿ ಸರ್ವಿಸ್ ಹಿಸ್ಟರಿ ತೆರೆಸಿ. 2,000ದ ಆಸುಪಾಸಿನಲ್ಲಿ ನಮೂದು ಇಲ್ಲದಿದ್ದರೆ ಬಿಲ್ ಕೇಳಿ, ಬಿಲ್ಲೂ ಇಲ್ಲದಿದ್ದರೆ ಡಿಫರೆನ್ಷಿಯಲ್ ಆಯಿಲ್ ಇಳಿಸಿ ನೋಡುವ ತನಕ ಮುಂಗಡ ಕೊಡಬೇಡಿ.