ಕ್ಲೀವ್‌ಲ್ಯಾಂಡ್ ಬೇ ಕುದುರೆ ತಗೊಳೋರೇ, ಅದ್ರ ಪಾಸ್‌ಪೋರ್ಟ್ (ಕುದುರೆ ಗುರ್ತಿನ ದಾಖಲೆ) ನೋಡ್ದೆ ಒಂದ್ ಪೌಂಡೂ ಕೊಡ್ಬೇಡಿ

ಇಂಗ್ಲೆಂಡಲ್ಲಿರೋ ನಮ್ಮೋರು ಯಾರಾದ್ರೂ ಮಕ್ಕಳ ರೈಡಿಂಗ್‌ಗೋ, ಮರಿ ಮಾಡಿಸೋ ಆಸೆಗೋ ಪ್ಯೂರ್ ಕ್ಲೀವ್‌ಲ್ಯಾಂಡ್ ಬೇ ಹುಡುಕ್ತಿದ್ರೆ ಇದನ್ನ ಓದ್ಕೊಂಡು ಮುಂದೆ ಹೋಗಿ. ಯಾರ್ಕ್‌ಶೈರಲ್ಲಿ ಒಬ್ಬ ಡೀಲರ್ ನಮಗೆ 500 ಪೌಂಡ್ ಟೋಪಿ ಹಾಕಿದಾನೆ. ಹೆಸ್ರು ಹಾಕಲ್ಲ, ಆದ್ರೆ ಆಟ ಹೆಂಗಾಡ್ತಾರೆ ಅಂತ ಗೊತ್ತಿರ್ಲಿ.

ಈ ತಳಿ ಯಾರ್ಕ್‌ಶೈರ್‌ದೇ. ಹಿಂದೆ ಊರೂರು ತಿರುಗೋ ವ್ಯಾಪಾರಿಗಳ ಮೂಟೆ ಹೊರ್ತಿತ್ತು, ಆಮೇಲೆ ಸಾರೋಟು ಎಳೆಯೋದ್ರಲ್ಲಿ ಹೆಸ್ರು ಮಾಡ್ತು, ಲಂಡನ್ ಅರಮನೆ ಸಾರೋಟಿನ ಕುದುರೆಗಳಲ್ಲಿ ಈಗ್ಲೂ ಇವು ಇರ್ತಾವೆ. ಮೈ ಕಂದು, ಜೂಲು ಬಾಲ ಕಾಲು ಕಪ್ಪು, ಹಣೇಲಿ ಸಣ್ಣ ಬಿಳಿ ಚುಕ್ಕಿ ಇದ್ರೆ ಪರ್ವಾಗಿಲ್ಲ, ಅದು ಬಿಟ್ರೆ ಬಿಳಿ ಇರಬಾರ್ದು. 1884ರಿಂದ ಈ ತಳಿಗೇ ಅಂತ ಒಂದು ಸೊಸೈಟಿ ಇದ್ರೂ, ಮೋಟ್ರು ಟ್ರ್ಯಾಕ್ಟರು ಬಂದು ಕೇಳೋರಿಲ್ದೆ, 1960ರ ದಶಕದ ಶುರುವಿಗೆ ಬ್ರಿಟನ್ನಲ್ಲಿ ಬೀಜಕ್ಕೆ ಉಳಿದಿದ್ದ ಪ್ಯೂರ್ ಗಂಡು ಕುದುರೆಗಳನ್ನ ಬೆರಳಲ್ಲಿ ಎಣಿಸ್ಬೋದಿತ್ತು. ಆಗ ಅಮೆರಿಕಕ್ಕೆ ಹೋಗ್ಬೇಕಿದ್ದ ಮಲ್‌ಗ್ರೇವ್ ಸುಪ್ರೀಮ್ ಅನ್ನೋ ಗಂಡು ಕುದುರೇನ ರಾಣಿ ಎರಡನೇ ಎಲಿಜಬೆತ್ ಕೊಂಡು, ಬೇರೆಯವರ ಹೆಣ್ಣು ಕುದುರೆಗಳಿಗೂ ಬಿಟ್ಕೊಟ್ರು, ತಳಿ ಚೇತರಿಸ್ಕೊಂಡಿದ್ದೇ ಹಂಗೆ. ಆದ್ರೂ ಇವತ್ತಿಗೂ ಅಪರೂಪದ ತಳಿಗಳ ಲಿಸ್ಟಲ್ಲೇ ಇದೆ.

ಇನ್ನೊಂದ್ ತಾಪತ್ರಯ ಏನಂದ್ರೆ ಇದನ್ನ ಥರೋಬ್ರೆಡ್ ಜೊತೆ (ನಮ್ಮ ಕುಣಿಗಲ್ ಸ್ಟಡ್ ಫಾರಂ ರೇಸ್ ಕುದುರೆಗಳು ಅದೇ ಜಾತಿ) ಕ್ರಾಸ್ ಮಾಡಿದ್ರೆ ಹುಟ್ಟೋ ಮರಿ ಜಂಪಿಂಗ್‌ಗೆ ಸೂಪರ್, ಗಿರಾಕಿ ಜಾಸ್ತಿ. ಹೆಣ್ಣು ಕುದುರೆ ಹನ್ನೊಂದು ತಿಂಗ್ಳು ಹೊತ್ತು ಹಾಕೋದು ಒಂದೇ ಮರಿ, ಅದೂ ಕ್ರಾಸ್ ಆದ್ರೆ ಆ ವರ್ಷ ಪ್ಯೂರ್ ತಳಿಗೆ ಲಾಸೇ. ಕ್ರಾಸ್ ಮಾರೋದು ತಪ್ಪಲ್ಲ ಸ್ವಾಮಿ, ಕ್ರಾಸ್ ಅಂತ ಹೇಳಿ ಮಾರ್ಲಿ.

ನಮ್ ಡೀಲರ್ ಹೇಳಿದ್ದು, "ಪ್ಯೂರ್, ಮರಿ ಮಾಡ್ಸೋಕೆ ಹೇಳಿ ಮಾಡ್ಸಿದಂಗಿದೆ, ಪಾಸ್‌ಪೋರ್ಟ್ ತಿದ್ದುಪಡಿಗೆ ಹೋಗಿದೆ, ಮುಂದಿನ್ ವಾರ ಬರುತ್ತೆ, ಬೇರೆ ಪಾರ್ಟಿ ಕಾಯ್ತಿದಾರೆ, ಅಡ್ವಾನ್ಸ್ ಹಾಕಿ." ಹಾಕಿದ್ವಿ. ಆಮೇಲೆ ವೆಟ್ (ಪಶುವೈದ್ಯರು) ಕರ್ಕೊಂಡು ಹೋದ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಕುದುರೆ ಹೊರಗಡೆ ನೆನೀತಾ ನಿಂತಿತ್ತು. ಮಗಳು ಗೊರಸು ನೋಡೋಣ ಅಂತ ಬಲಗಡೆ ಹಿಂಗಾಲು ಎತ್ತಿದ್ಲು, ಕೆಳಗಿಟ್ಟು ನೋಡಿದ್ರೆ ಕೈಯೆಲ್ಲಾ ಕಪ್ಪು. ಡೀಲರ್ ಕೆಸರು ಅಂದ. ಕೆಸರು ಅಷ್ಟು ಜಿಡ್ಡಾಗಿರುತ್ತಾ? ವೆಟ್ ಸುಮ್ನೆ ಟಿಶ್ಯೂ ತಗೊಂಡು ಗೊರಸಿನ ಮೇಲ್ಗಡೆ ಉಜ್ಜಿದ್ರು ನೋಡಿ, ನಾಲ್ಕು ಬೆರಳಗಲ ಬೆಳ್ಳಗೆ ಕೂದ್ಲು ಬಂತು! ಶೂ ಪಾಲಿಶ್ ಥರದ್ದೇನೋ ಬಳಿದಿದ್ದ ಪುಣ್ಯಾತ್ಮ. ಕುದುರೆ ಮೈಯೊಳಗಿರೋ ಗುರ್ತಿನ ಚಿಪ್ ಸ್ಕ್ಯಾನ್ ಮಾಡಿ ಸೊಸೈಟಿಗೆ ವಿಚಾರಿಸಿದ್ರೆ ಪ್ಯೂರ್ ಸ್ಟಡ್‌ಬುಕ್ಕಲ್ಲಿ (ತಳಿಯ ವಂಶಾವಳಿ ದಾಖಲೆ) ಆ ನಂಬರೇ ಇಲ್ಲ. ಗಟ್ಟಿಯಾಗಿ ಕೇಳಿದ್ಮೇಲೆ ಕುದುರೆಯ ಅಪ್ಪ ಥರೋಬ್ರೆಡ್ ಅಂತ ಡೀಲರ್ ಬಾಯ್ಬಿಟ್ಟ, ದುಡ್ಡು ಕೇಳಿದ್ರೆ ಮಾತ್ರ "ಅದು ನಾನ್ ರಿಫಂಡಬಲ್" ಅಂತ ಒಂದೇ ರಾಗ. ಪಾಪ, ಕುದುರೆ ಮಾತ್ರ ಬಂಗಾರದಂಥದ್ದು.

ಪಾಸ್‌ಪೋರ್ಟ್ ಇಲ್ದೆ ಕುದುರೆ ಮಾರೋದು ಇಲ್ಲಿ ಕಾನೂನು ಪ್ರಕಾರನೇ ತಪ್ಪು, ಮೈಕ್ರೋಚಿಪ್ಪೂ ಕಡ್ಡಾಯ, ಹಂಗಾಗಿ "ಪೋಸ್ಟಲ್ಲಿದೆ" "ಆಫೀಸಲ್ಲಿದೆ" ಅಂದ ತಕ್ಷಣ ಎದ್ದು ಬನ್ನಿ. ಪಾಸ್‌ಪೋರ್ಟಲ್ಲಿ ಕುದುರೆ ಚಿತ್ರ ಬರೆದು ಎಲ್ಲೆಲ್ಲಿ ಬಿಳಿ ಇದೆ ಅಂತ ಗುರ್ತು ಹಾಕಿರ್ತಾರೆ, ಅದನ್ನ ಕೈಯಲ್ಲಿ ಹಿಡ್ಕೊಂಡು ಒಂದೊಂದು ಕಾಲೂ ನೋಡಿ, ಬೇಕಾದ್ರೆ ಒದ್ದೆ ಬಟ್ಟೇಲಿ ಒರೆಸಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಿ. ವೆಟ್ಟೂ ನಿಮ್ಮೋರೇ ಆಗಿರ್ಬೇಕು, ಡೀಲರ್ ಹೇಳಿದೋರಲ್ಲ.

ನಮ್ 500 ಇನ್ನೂ ಬಂದಿಲ್ಲ, ನೋಟಿಸ್ ಕಳ್ಸಿದೀವಿ. ಅದೇ ಕುದುರೆ ಮತ್ತೆ ಸೇಲ್‌ಗೆ ಬಂದಿದೆ, ಈಗ್ಲೂ "ಪ್ಯೂರ್" ಅಂತಾನೇ ಹಾಕಿದಾನೆ, ಫೋಟೋದಲ್ಲಿ ಹಿಂಗಾಲು ಎತ್ತರದ ಹುಲ್ಲಲ್ಲಿ ಮುಚ್ಚೋಗಿದೆ. ಫೋನ್ ಮಾಡೋರು ಮೊದ್ಲು ಚಿಪ್ ನಂಬರ್ ಕೇಳಿ.